ಗೀವಿಗೆ ಇನ್ನೂ ಹಲ್ಲು ಬಂದಿಲ್ಲ

ನೆಂಟರು ಸೇರಿದ ಮನೆಯಲ್ಲಿ ಊಟ ಮುಗಿದು ಎಲೆ ಅಡಿಕೆ ತಟ್ಟೆ ಬಂತು ಅಂದರೆ ಒಂದು ಮಾತು ಗ್ಯಾರಂಟಿ: ‘ನಮ್ಮ ಪುಟ್ಟಿ ಮೊನ್ನೆ ಏನಂದ್ಲು ಗೊತ್ತಾ?’ ಆಮೇಲೆ ಒಂದರ ಹಿಂದೆ ಒಂದು ಬರುತ್ತವೆ. ಅಪ್ಪ ಅಮ್ಮನ ಮದುವೆ ಆಲ್ಬಮ್ ನೋಡಿ ‘ನನ್ನನ್ಯಾಕೆ ಕರೀಲಿಲ್ಲ’ ಅಂತ ಅತ್ತ ಮಗು. ‘ನಿನ್ನೆ ಝೂಗೆ ಹೋಗೋಣ’ ಅಂದ ಮಗು. ತಾತನ ಬೋಳು ತಲೆ ಸವರಿ ‘ಕೂದಲು ಒಳಗಡೆ ಬೆಳೀತಿದೆಯಾ’ ಅಂತ ಕೇಳಿದ ಮಗು. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ನನ್ನ ಹತ್ತಿರವೂ ಒಂದಷ್ಟು ಸ್ಟಾಕ್ ಇದೆ, ಸಮಯ ನೋಡಿ ಬಿಡುತ್ತೇನೆ. ಆದರೆ ಈಚೆಗೆ ಒಂದು ವಿಷಯ ತಲೆ ಕೊರೆಯುತ್ತಿದೆ. ಈ ಕತೆಗಳಲ್ಲಿ ಮಗುವಿನದು ಒಂದೇ ಒಂದು ಮಾತು. ಅದು ಹೇಳಿತು, ನಾವು ನಕ್ಕೆವು, ಮುಗೀತು. ಅದಾದ ಮೇಲೆ ಮಗು ಏನಂತು? ಕೇಳಿ ನೋಡಿ, ಯಾರಿಗೂ ನೆನಪಿರುವುದಿಲ್ಲ. ಆಗ ನಾವು ನಗುವುದರಲ್ಲಿ ಇದ್ದೆವಲ್ಲ.

ಮಕ್ಕಳು ದೊಡ್ಡವರ ಹತ್ತಿರ ಆಡುವ ಮಾತು ಬೇರೆ, ತಮ್ಮತಮ್ಮಲ್ಲೇ ಆಡುವ ಮಾತು ಬೇರೆ. ನಮ್ಮ ಹತ್ತಿರ ಬಂದರೆ ಅದು ಪ್ರಶ್ನೆ, ಬೇಡಿಕೆ, ಇಲ್ಲಾಂದರೆ ದೂರು. ಅವರವರೇ ಕೂತರೆ ಪಂಚಾಯ್ತಿ ಕಟ್ಟೆ. ಏನು ನಡೆಯುತ್ತೆ, ಏನು ನಡೆಯಲ್ಲ, ಯಾರಿಗೆ ಎಷ್ಟು, ಎಲ್ಲ ಅಲ್ಲೇ ತೀರ್ಮಾನ. ಯಾವುದೋ ಒಂದು ಮಾತಿಗೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತೇವಲ್ಲ, ಅವರಿಗೆ ಅಲ್ಲಿಂದಲೇ ವಿಷಯ ಶುರು. ಪೂರ್ತಿ ಕೇಳಬೇಕು ಅಂದರೆ ಇರುವುದು ಒಂದೇ ದಾರಿ. ಪೇಪರ್ ಹಿಡಿದುಕೊಂಡು, ಏನೂ ಕೇಳಿಸುತ್ತಿಲ್ಲ ಅನ್ನುವ ಮುಖ ಮಾಡಿಕೊಂಡು ಸುಮ್ನೆ ಕೂರುವುದು.

ಜಗಲಿ ಮೇಲೆ

ಹೋದ ಬೇಸಿಗೆ ರಜೆಯಲ್ಲಿ ಸಾಗರದ ಹತ್ತಿರ ಹೆಂಡತಿಯ ತವರಿನಲ್ಲಿದ್ದೆವು. ಹಿಂದೆ ಅಡಿಕೆ ತೋಟ, ಮುಂದೆ ಅಂಗಳ, ನಡುವೆ ತಣ್ಣನೆಯ ಜಗಲಿ. ಐದು ವರ್ಷದ ನನ್ನ ಮಗಳು ಪುಟ್ಟಿ, ಅವಳ ಸೋದರಮಾವನ ಮಗ ನಾಲ್ಕು ವರ್ಷದ ಗುಂಡ, ಅವನ ತಂಗಿ ಎರಡೂವರೆ ವರ್ಷದ್ದು. ಅವಳಿಗೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಪದವಿ. ನಾನು ಕಂಬಕ್ಕೆ ಒರಗಿ ಪೇಪರ್ ಹಿಡಿದಿದ್ದೆ. ಅತ್ತೆ ಹರಿವೆ ಸೊಪ್ಪು ಬಿಡಿಸುತ್ತಾ, ‘ತೋಟದ ಕಡೆ ಹೋಗ್ಬೇಡಿ ಮಕ್ಕಳೇ, ಹಾವು ಗೀವು ಇರುತ್ತೆ’ ಅಂದು ಒಳಗೆ ಹೋದರು.

‘ಹಾವು ನಂಗೊತ್ತು. ಗೀವು ಹೆಂಗಿರುತ್ತೆ?’ ಅಂದ ಗುಂಡ.

ನೆಂಟರ ಮನೆಯಲ್ಲಿ ಹೇಳುವ ಕತೆಯಾಗಿದ್ದರೆ ಇಲ್ಲಿಗೆ ಮುಗೀತು. ಜಗಲಿಯಲ್ಲಿ ಮುಗಿಯಲಿಲ್ಲ.

‘ಗೀವು ಹಾವಿನ ತಂಗಿ’ ಅಂದಳು ಪುಟ್ಟಿ. ಯೋಚನೆ ಕೂಡ ಮಾಡಲಿಲ್ಲ.

‘ಕಚ್ಚುತ್ತಾ?’

‘ಇಲ್ಲಪ್ಪ. ಗೀವಿಗೆ ಇನ್ನೂ ಹಲ್ಲು ಬಂದಿಲ್ಲ.’

‘ಮತ್ತೆ ಏನು ತಿನ್ನುತ್ತೆ?’

‘ತಿನ್ನಲ್ಲ. ಕುಡಿಯುತ್ತೆ. ಅಜ್ಜಿ ಹುತ್ತಕ್ಕೆ ಹಾಲು ಹಾಕ್ತಾರಲ್ಲ, ಹಾವು ಅದನ್ನ ಕುಡಿಯುತ್ತೆ.’

ಗುಂಡ ಕಾಲ ಹೆಬ್ಬೆರಳು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ನಿಧಾನಕ್ಕೆ ಹೇಳಿದ: ‘ಹಾವಿಗೆ ಹಾಲು. ಗೀವಿಗೆ ಗೀಲು.’

ಪುಟ್ಟಿ ತಲೆಯಾಡಿಸಿದಳು, ಇದು ಎಲ್ಲರಿಗೂ ಗೊತ್ತಿರುವ ವಿಷಯ ಅನ್ನುವ ಹಾಗೆ. ನಾನು ಪೇಪರಿನ ಹಿಂದೆ ತುಟಿ ಕಚ್ಚಿಕೊಂಡೆ. ಇಬ್ಬರ ಮುಖದಲ್ಲೂ ನಗುವಿನ ಸುಳಿವಿಲ್ಲ. ಗೀಲು ಕೊಡುವುದು ಯಾರು ಅಂತ ಪ್ರಶ್ನೆ ಬಂತು. ಗಿಸು. ಗಿಸು ಇರುವುದು ಎಲ್ಲಿ? ‘ಗಿಟ್ಟಿಗೆ!’ ಅಂತ ಕೂಗಿದ್ದು ಲೆಕ್ಕಕ್ಕಿಲ್ಲದ ಎರಡೂವರೆ. ಅವತ್ತು ಅವಳು ಲೆಕ್ಕಕ್ಕೆ ಬಂದಳು. ಹಾಲಿಗೆ ದೀರ್ಘ ಇದೆ, ಗೀಲಿಗೂ ದೀರ್ಘ. ಹಸುವಿಗೆ ಹ್ರಸ್ವ, ಗಿಸುವಿಗೂ ಹ್ರಸ್ವ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ನಾವು ದಿನಾ ಆಡುವ ಮಾತಿನಲ್ಲಿ ಬಿದ್ದಿದ್ದ ನಿಯಮವನ್ನು ಅವರೇ ಎತ್ತಿಕೊಂಡು, ಅದರಲ್ಲೇ ಒಂದು ಕೊಟ್ಟಿಗೆ ಕಟ್ಟಿ, ಹಸುವನ್ನೂ ಕಟ್ಟಿಹಾಕಿದರು.

ನಿಜವಾದ ತಕರಾರು ಬಂದಿದ್ದು ಆಮೇಲೆ. ಗುಂಡ ಕೇಳಿದ: ‘ಅಜ್ಜಿಗೂ ಗಿಜ್ಜಿ ಇದ್ದಾರಾ?’ ಪುಟ್ಟಿ ಮೊದಲ ಸಲ ತಡವರಿಸಿದಳು. ಒಳಗಿನಿಂದ ಅಜ್ಜಿ ಕೆಮ್ಮಿದ್ದು ಕೇಳಿಸುತ್ತಿತ್ತು. ‘ಇಲ್ಲ. ಅಜ್ಜಿ ಒಬ್ಬರೇ.’ ಗುಂಡ ಬಿಡಲಿಲ್ಲ. ‘ಹಂಗಾದ್ರೆ ಗಿಂಡ?’ ಅಂದ. ತಕ್ಷಣ ಅವನಿಗೇ ಭಯವಾಯಿತು. ‘ನಂಗೆ ಗಿಂಡ ಬೇಡ. ಗಿಂಡ ಬಂದ್ರೆ ನನ್ನ ಸೈಕಲ್ ಕೇಳ್ತಾನೆ.’ ಇಬ್ಬರೂ ತಲೆ ಹತ್ತಿರ ತಂದು ಸ್ವಲ್ಪ ಹೊತ್ತು ಮಾತಾಡಿದರು. ಕೊನೆಗೆ ತೀರ್ಪು ಬಂತು: ಪ್ರಾಣಿಗೆ ಇರುತ್ತೆ, ತಿಂಡಿಗೆ ಇರುತ್ತೆ, ಮನುಷ್ಯರಿಗೆ ಇರಲ್ಲ. ನಿಯಮ ಬಿಗಿಯಾಗಿತ್ತು, ಹಾಗೇ ಬಿಟ್ಟರೆ ಒಬ್ಬ ಅಜ್ಜಿಯ ಜಾಗಕ್ಕೆ ಇಬ್ಬರು ಬರುತ್ತಿದ್ದರು, ಅದಕ್ಕೆ ತಿದ್ದುಪಡಿ ತಂದರು. ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಿನಲ್ಲಿ ಇಷ್ಟು ಬೇಗ ಯಾವುದೂ ತೀರ್ಮಾನ ಆಗಿದ್ದು ನನಗೆ ನೆನಪಿಲ್ಲ.

ಅಷ್ಟರಲ್ಲಿ ನೆಂಟರೊಬ್ಬರು ಮೆಟ್ಟಿಲು ಹತ್ತಿ ಬಂದರು. ‘ಏನ್ರೀ, ಕಾಫಿ ಗೀಫಿ ಆಯ್ತಾ?’ ಅಂದರು. ಮೂರೂ ಮಕ್ಕಳು ಬಾಯಿ ಬಿಟ್ಟುಕೊಂಡು ಅವರನ್ನೇ ನೋಡಿದವು. ಇವರಿಗೆ ಗೀಫಿ ಹೇಗೆ ಗೊತ್ತು? ನನಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಅವರು ಯಾಕೆ ಅಂತ ಕೇಳಿದರು, ಹೇಳಿದೆ. ಅವರೂ ನಕ್ಕರು, ಫೋನ್ ಹೊರಗೆ ಬಂತು. ‘ಪುಟ್ಟೀ, ಇನ್ನೊಂದ್ಸಲ ಹೇಳಮ್ಮ, ಗೀವು ಏನು ಕುಡಿಯುತ್ತೆ?’ ಪುಟ್ಟಿ ಫೋನ್ ನೋಡಿದಳು, ನನ್ನನ್ನು ನೋಡಿದಳು. ‘ಏನಿಲ್ಲ’ ಅಂದಳು. ‘ಹೇಳೇ ಬಂಗಾರಿ.’ ‘ಗೊತ್ತಿಲ್ಲ.’ ಗುಂಡನಿಗೆ ಮಾತ್ರ ವಿಡಿಯೋದಲ್ಲಿ ಬರಬೇಕಿತ್ತು. ‘ಗೀಲು ಗೀಲು ಗೀಲು’ ಅಂತ ಕುಣಿದ. ಆ ವಿಡಿಯೋ ಇವತ್ತಿಗೂ ಫ್ಯಾಮಿಲಿ ಗ್ರೂಪಿನಲ್ಲಿದೆ. ಅದರಲ್ಲಿ ಹಾವಿನ ತಂಗಿ ಇಲ್ಲ, ಗಿಟ್ಟಿಗೆ ಇಲ್ಲ, ಅಜ್ಜಿ ಒಬ್ಬರೇ ಅನ್ನುವ ತೀರ್ಮಾನವೂ ಇಲ್ಲ. ಒಬ್ಬ ಹುಡುಗ ಚಡ್ಡಿ ಜಾರುವ ಹಾಗೆ ಕುಣಿಯುತ್ತಿದ್ದಾನೆ, ಕೆಳಗೆ ನಲವತ್ತು ನಗುವ ಮುಖಗಳು.

ಒಂದು ಅಡ್ಡ ಮಾತು. ಹಾವು ಹಾಲು ಕುಡಿಯುವುದಿಲ್ಲ ಅಂತ ನಾವೆಲ್ಲ ಶಾಲೆಯಲ್ಲಿ ಓದಿದವರೇ. ಆದರೂ ನಾಗರ ಪಂಚಮಿ ಬಂದರೆ ತಂಬಿಗೆ ಹಿಡಿದು ಹುತ್ತದ ಹತ್ತಿರ ಸಾಲು ನಿಲ್ಲುತ್ತೇವೆ. ಆಗ ಯಾರೂ ವಿಡಿಯೋ ಮಾಡಿ ನಗುವುದಿಲ್ಲ. ಗೀವಿಗೆ ಗೀಲು ಅಂದರೆ ಮಾತ್ರ ತಮಾಷೆ.

ಬರೆದುಕೊಂಡವರು

ಇಂಥ ಮಾತನ್ನು ಪಕ್ಕದಲ್ಲೇ ಕೂತು ಬರೆದುಕೊಂಡವರಲ್ಲಿ ದೊಡ್ಡ ಹೆಸರು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆಯದು. ಜಿನೀವಾದ ಒಂದು ಶಿಶುಶಾಲೆಯಲ್ಲಿ ಆರು ವರ್ಷದ ಇಬ್ಬರು ಹುಡುಗರು ಆಡಿದ ಮಾತನ್ನೆಲ್ಲ ಸುಮಾರು ಒಂದು ತಿಂಗಳು ಬಿಡದೆ ಬರೆದಿಟ್ಟುಕೊಂಡು, 1923ರಲ್ಲಿ ಅದರ ಮೇಲೆ ಪುಸ್ತಕ ತಂದರು. ಅವರಿಗೆ ಕಂಡಿದ್ದು ಇದು: ಆ ಹುಡುಗರ ಮಾತಿನಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಪಾಲು ನಿಜವಾಗಿ ಯಾರಿಗೂ ಹೇಳಿದ್ದಲ್ಲ. ಪಕ್ಕದಲ್ಲಿ ಗೆಳೆಯ ಇರಬೇಕು, ಆದರೆ ಅವನು ಕೇಳಿಸಿಕೊಳ್ಳಲೇಬೇಕು ಅಂತೇನಿಲ್ಲ. ಯಾವ ಅಂಗನವಾಡಿಗೆ ಹೋದರೂ ಇದನ್ನು ನೋಡಬಹುದು. ಒಬ್ಬಳು ಮಣ್ಣು ಗುಡ್ಡೆ ಹಾಕುತ್ತಾ ‘ಇದು ನಮ್ಮನೆ, ಇಲ್ಲಿ ಬಾಗಿಲು’ ಅನ್ನುತ್ತಾಳೆ. ಪಕ್ಕದವನು ‘ನಮ್ಮ ಮಾವ ಟ್ರ್ಯಾಕ್ಟರ್ ತಗೊಂಡ’ ಅನ್ನುತ್ತಾನೆ. ‘ಬಾಗಿಲು ಹಾಕಿದೆ.’ ‘ಕೆಂಪು ಟ್ರ್ಯಾಕ್ಟರ್.’ ಇಬ್ಬರಿಗೂ ತೃಪ್ತಿ. ಟಿವಿ ಚರ್ಚೆಗಳಲ್ಲಿ ದೊಡ್ಡವರೂ ಇದನ್ನೇ ಮಾಡುತ್ತಾರೆ, ತೃಪ್ತಿ ಮಾತ್ರ ಕಾಣುವುದಿಲ್ಲ.

ಮಗು ಬೆಳೆದ ಹಾಗೆ ಈ ಥರದ ಮಾತು ಸತ್ತುಹೋಗುತ್ತದೆ ಅಂದರು ಪಿಯಾಜೆ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವಿಗೋಟ್‌ಸ್ಕಿ ಒಪ್ಪಲಿಲ್ಲ. ಸಾಯುವುದಿಲ್ಲ, ಒಳಗೆ ಹೋಗುತ್ತದೆ, ನಾವು ಮನಸ್ಸಿನಲ್ಲೇ ಆಡಿಕೊಳ್ಳುವ ಮಾತು ಅದೇ ಅಂದರು. ಅವರು ಒಂದು ಪರೀಕ್ಷೆಯನ್ನೂ ಮಾಡಿದರು. ಮಗುವನ್ನು ಕಿವಿ ಕೇಳದ ಮಕ್ಕಳ ಜೊತೆ, ಅಥವಾ ಬೇರೆ ಭಾಷೆಯ ಮಕ್ಕಳ ಜೊತೆ ಕೂರಿಸಿದರು. ಯಾರಿಗೂ ಅಲ್ಲದ ಮಾತಾಗಿದ್ದರೆ ಅದು ಅಲ್ಲೂ ಅಷ್ಟೇ ನಡೆಯಬೇಕಿತ್ತು. ನಡೆಯಲಿಲ್ಲ, ತೀರಾ ಕಡಿಮೆಯಾಯಿತು. ಅಂದರೆ ಪಕ್ಕದವನಿಗೆ ಅರ್ಥವಾಗುತ್ತಿದೆ ಅನ್ನುವ ನಂಬಿಕೆ ಮಗುವಿಗೆ ಬೇಕೇಬೇಕು. ವಿಗೋಟ್‌ಸ್ಕಿ ಕ್ಷಯದಿಂದ ತೀರಿಕೊಂಡಾಗ ವಯಸ್ಸು 37. ಅವರ ಪುಸ್ತಕ ಬಂದಿದ್ದೂ ಅದೇ 1934ರಲ್ಲಿ. ಅದರಲ್ಲಿ ಬರುವ ಒಂದು ಸಣ್ಣ ಘಟನೆ ನನಗೆ ಬಹಳ ಇಷ್ಟ. ಐದೂವರೆ ವರ್ಷದ ಮಗುವೊಂದು ಟ್ರಾಮ್ ಚಿತ್ರ ಬರೆಯುತ್ತಿದೆ. ಚಕ್ರ ಬರೆಯುವಾಗ ಪೆನ್ಸಿಲ್ ಮೊನೆ ಮುರಿಯಿತು. ‘ಮುರೀತು’ ಅಂತ ಮೆಲ್ಲಗೆ ತನಗೇ ಹೇಳಿಕೊಂಡಿತು. ಪೆನ್ಸಿಲ್ ಪಕ್ಕಕ್ಕಿಟ್ಟು ಬಣ್ಣ ತಗೊಂಡು ಚಿತ್ರ ಮುಂದುವರಿಸಿತು. ಈಗ ಅದು ಆ್ಯಕ್ಸಿಡೆಂಟ್ ಆಗಿ ಮುರಿದ ಟ್ರಾಮ್. ಮುರಿದಿದ್ದು ಪೆನ್ಸಿಲ್ಲು, ಬಾಯಿಂದ ಬಿದ್ದ ಮಾತು ಹೋಗಿ ಟ್ರಾಮನ್ನೂ ಮುರಿಯಿತು. ಅಜ್ಜಿಯ ಬಾಯಿಂದ ಸುಮ್ನೆ ಬಿದ್ದ ಗೀವಿಗೆ ತೋಟದಲ್ಲಿ ಜಾಗ ಸಿಕ್ಕಿದ್ದೂ ಹೀಗೇ ಅಲ್ವಾ?

ಅರ್ಧ ಚಂದ್ರ

ವಾಪಸ್ ಬರುವಾಗ ತಾಳಗುಪ್ಪ ಕಡೆಯಿಂದ ಬರುವ ರಾತ್ರಿ ರೈಲು. ಗುಂಡನ ಮನೆ ಶಿವಮೊಗ್ಗದಲ್ಲಿ, ಅವರು ಅಲ್ಲಿ ಇಳಿಯಬೇಕು. ನಾವು ಮೈಸೂರಿಗೆ. ಕಿಟಕಿಯಲ್ಲಿ ಅರ್ಧ ಚಂದ್ರ ಇದ್ದ. ಮರ ಓಡುತ್ತಿತ್ತು, ಲೈಟ್ ಕಂಬ ಓಡುತ್ತಿತ್ತು, ಅವನು ಮಾತ್ರ ನಮ್ಮ ಸಮಕ್ಕೇ ಬರುತ್ತಿದ್ದ. ಬಸ್ಸಲ್ಲೋ ರೈಲಲ್ಲೋ ಇದನ್ನು ಕಂಡು ಖುಷಿಪಡದ ಮಗು ಇರಲಿಕ್ಕಿಲ್ಲ. ಪಿಯಾಜೆ ಕೂಡ ಜಿನೀವಾದ ಮಕ್ಕಳನ್ನು ಇದೇ ಕೇಳಿದ್ದರು. ಇಬ್ಬರು ಎದುರು ಬದುರು ದಿಕ್ಕಿಗೆ ನಡೆದರೆ ಚಂದ್ರ ಯಾರ ಜೊತೆ ಹೋಗುತ್ತಾನೆ ಅಂತ. ಇಲ್ಲಿ ಆ ಪ್ರಶ್ನೆಯನ್ನು ದೊಡ್ಡವರು ಕೇಳುವ ಅಗತ್ಯ ಬೀಳಲಿಲ್ಲ, ಸ್ಟೇಷನ್ ಹತ್ತಿರ ಬರುತ್ತಿತ್ತು.

‘ಚಂದಮಾಮ ನನ್ನ ಜೊತೆ ಇಳೀತಾನೆ’ ಅಂದ ಗುಂಡ.

‘ಇಲ್ಲ, ಮೈಸೂರಿಗೆ ಬರ್ತಾನೆ. ನಮ್ಮ ಟಿಕೆಟ್ ಮೈಸೂರಿಗೆ.’

ಜಗಳ ಏರಿತು. ಗುಂಡನ ಕಣ್ಣಲ್ಲಿ ನೀರು ತುಂಬಿತು. ಪುಟ್ಟಿ ಕಿಟಕಿಯಿಂದ ಆಚೆ ಮತ್ತೊಮ್ಮೆ ಇಣುಕಿ ನೋಡಿದಳು.

‘ನೋಡು, ಅರ್ಧನೇ ಇರೋದು.’

‘ಇನ್ನರ್ಧ?’

‘ಯಾರೋ ಆಗ್ಲೇ ಇಳಿಸ್ಕೊಂಡು ಹೋಗಿದ್ದಾರೆ. ಸಾಗರದಲ್ಲಿ.’

‘ನಾನು ಇಳಿದ್ರೆ?’

‘ನೀನೂ ಸ್ವಲ್ಪ ತಗೋ.’

ಗುಂಡ ಮೂಗು ಒರೆಸಿಕೊಂಡ. ‘ಮತ್ತೆ ಹುಣ್ಣಿಮೆ?’

‘ಅವತ್ತು ಯಾರೂ ಊರಿಗೆ ಹೋಗಲ್ಲ.’

ಅಮಾವಾಸ್ಯೆ ಬಗ್ಗೆ ಅವನು ಕೇಳಲಿಲ್ಲ, ನಾನೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಅವತ್ತು ಎಲ್ಲರೂ ಹೊರಟುಬಿಟ್ಟಿರುತ್ತಾರೆ. ಸರಿಯಾಗಿಯೇ ಇದೆ. ಇಡೀ ತಿಂಗಳ ಏರಿಳಿತಕ್ಕೆ ರೈಲ್ವೆ ಟೈಮ್‌ಟೇಬಲ್ ಒಂದೇ ಸಾಕು. ನಾನು ಮಾಡಿದ್ದು ಮಾತ್ರ ಅಪ್ಪಂದಿರು ಮಾಡುವ ಕೆಲಸ. ಗುಂಡ ಇಳಿದ ಮೇಲೆ ಪುಟ್ಟಿಗೆ ವಿವರಿಸಿದೆ. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ ಇದ್ದಾನೆ, ನಾವು ಐವತ್ತು ನೂರು ಕಿಲೋಮೀಟರ್ ಹೋದರೂ ಅವನು ಕಾಣುವ ದಿಕ್ಕು ಅಷ್ಟೇನೂ ಬದಲಾಗಲ್ಲ, ಹತ್ತಿರದ ಮರ ಹಿಂದೆ ಹೋಗುತ್ತಲ್ಲ, ಅದಕ್ಕೆ ಅವನು ಜೊತೆಗೆ ಬಂದ ಹಾಗೆ ಕಾಣುತ್ತೆ ಅಂತ. ಪುಟ್ಟಿ ಪೂರ್ತಿ ಕೇಳಿದಳು. ಒಳ್ಳೇ ಶ್ರೋತೃ. ‘ಅಷ್ಟು ದೂರದಿಂದ ಬರ್ತಿದ್ದಾನಾ? ಪಾಪ’ ಅಂದು ಮಲಗಿದಳು.

ಕಲಿಸಿದವರು ನಾವೇ

ಮಕ್ಕಳಿಗೆ ಎಲ್ಲದರಲ್ಲೂ ಜೀವ ಕಾಣುತ್ತದೆ ಅಂತ ಪಂಡಿತರು ಹೇಳುತ್ತಾರೆ. ಕಾಣದೆ ಏನು? ಮಗು ಎಡವಿ ಬಿದ್ದರೆ ನಮ್ಮ ಮನೆಗಳಲ್ಲಿ ಮೊದಲು ಆಗುವ ಕೆಲಸ ನೆಲಕ್ಕೆ ಹೊಡೆಯುವುದು. ‘ನಮ್ಮ ಪಾಪುಗೆ ಹೊಡೀತಾ ನೀನು? ತಗೋ!’ ಬಾಗಿಲಿಗೆ ಎರಡು ಏಟು, ಕುರ್ಚಿಗೆ ಒಂದು. ಊಟ ಮಾಡಿಸುವಾಗ ಒಂದು ತುತ್ತು ಚಂದಮಾಮನಿಗೆ, ಒಂದು ಕಾಗಕ್ಕನಿಗೆ. ಮಲಗದಿದ್ದರೆ ಗುಮ್ಮ. ಇಷ್ಟೆಲ್ಲ ನಾವೇ ತುಂಬಿಸಿ, ಆಮೇಲೆ ಅದೇ ಮಗು ‘ಬಾಗಿಲಿಗೆ ನೋವಾಯ್ತು, ಬ್ಯಾಂಡೇಜ್ ಹಾಕು’ ಅಂದರೆ ನಗುತ್ತೇವೆ.

ಗುಮ್ಮ ಅಂದಾಗ ಪುರಂದರದಾಸರ ಕೃಷ್ಣ ನೆನಪಾಗದೆ ಇರುವುದಿಲ್ಲ. ಹದಿನಾರನೆಯ ಶತಮಾನದ ಆ ಪದ ಎಲ್ಲರಿಗೂ ಬಾಯಿಪಾಠ, ಅದಕ್ಕೇ ಇರಬೇಕು, ಅದರೊಳಗಿನ ಚೌಕಾಸಿಯನ್ನು ನಾವು ಗಮನಿಸುವುದಿಲ್ಲ. ಗುಮ್ಮನನ್ನು ಕರೆಯಬೇಡ ಅಂತ ಕೇಳುವ ಹುಡುಗ ಒಂದೊಂದಾಗಿ ಮಾತು ಕೊಡುತ್ತಾನೆ. ಅಳಲ್ಲ, ಉಣ್ಣುತ್ತೀನಿ, ಬೆಣ್ಣೆ ಕೇಳಲ್ಲ, ಮಣ್ಣು ತಿನ್ನಲ್ಲ, ಬಾವಿ ಹತ್ತಿರ ಹೋಗಲ್ಲ, ಹಾವಿನ ಜೊತೆ ಆಡಲ್ಲ. ಅಮ್ಮ ಬಾವಿಯ ಸುದ್ದಿ ಎತ್ತಿದ್ದಳೋ ಇಲ್ಲವೋ, ಇವನೇ ಎಲ್ಲ ಒಪ್ಪಿಸುತ್ತಿದ್ದಾನೆ! ಫ್ರಿಜ್ ಬಾಗಿಲು ತೆಗೆದ ಸದ್ದಾದಾಗ ‘ಯಾರದು’ ಅಂದರೆ, ‘ನಾನು ಚಾಕಲೇಟ್ ತಿಂತಾ ಇಲ್ಲ’ ಅಂತ ಉತ್ತರ ಬರುತ್ತದಲ್ಲ, ಅದೇ ಹುಡುಗ. ದಾಸರು ಯಾವುದೋ ಜಗಲಿಯಲ್ಲಿ ಕೂತು ಕೇಳಿಸಿಕೊಂಡೇ ಇದನ್ನು ಬರೆದಿರಬೇಕು ಅಂತ ನನ್ನ ಗುಮಾನಿ.

ಅಡುಗೆ ಆಟವೂ ಈಗ ಸ್ವಲ್ಪ ಬದಲಾಗಿದೆ. ಚನ್ನಪಟ್ಟಣದ ಮರದ ಪಾತ್ರೆ ಸೆಟ್ ತಂದುಕೊಟ್ಟಿದ್ದೆ. ಒಲೆ ಹಚ್ಚುವವರೇ ಇಲ್ಲ. ‘ನಾನು ಆಂಟಿ ಅಂತೆ, ನೀನು ಡೆಲಿವರಿ ಅಂಕಲ್ ಅಂತೆ’ ಅಂತ ಶುರು. ಪಕ್ಕದ ಮನೆ ಚಿನ್ನು ಬಾಗಿಲು ತಟ್ಟುತ್ತಾನೆ. ‘ಓಟಿಪಿ ಹೇಳಿ.’ ‘ಒಂದು, ಎರಡು, ಹತ್ತು, ಗುಲಾಬಿ.’ ‘ರಾಂಗ್ ಓಟಿಪಿ.’ ಊಟ ವಾಪಸ್. ಗುಲಾಬಿ ಅಂತ ನಂಬರ್ ಇಲ್ಲ ಅಂತ ಅವನು ಹೇಳಲಿಲ್ಲ, ಗಮನಿಸಿ. ಈ ಮನೆಗೆ ಅದು ಸರಿ ಗುಲಾಬಿ ಅಲ್ಲ, ಅಷ್ಟೇ.

ಬಕೆಟ್ ಮುಂದೆ

ಗಣೇಶನ ಹಬ್ಬಕ್ಕೆ ನಮ್ಮದು ಮಣ್ಣಿನ ಪುಟ್ಟ ಗಣಪತಿ, ಬಾಲ್ಕನಿಯಲ್ಲಿ ಬಕೆಟ್ ನೀರಿನಲ್ಲಿ ವಿಸರ್ಜನೆ. ಆ ನೀರನ್ನು ಆಮೇಲೆ ತುಳಸಿಗೆ, ದಾಸವಾಳಕ್ಕೆ ಹಾಕುತ್ತೇವೆ. ಗಣಪತಿ ಮುಳುಗುತ್ತಿದ್ದ ಹಾಗೆ ಚಿನ್ನು ನನ್ನ ಕಡೆ ತಿರುಗಿದ. ‘ಅಂಕಲ್, ಗಣಪತಿಗೆ ಈಜು ಬರುತ್ತಾ?’ ಈಜು ಬೇಕಾಗಿಲ್ಲ, ಅವನು ಕೈಲಾಸಕ್ಕೆ ಹೋಗ್ತಾನೆ ಅಂದೆ. ‘ಬಕೆಟ್‌ನಿಂದನಾ?’ ಅಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಟ್ಟಿ ನನ್ನನ್ನು ಪಕ್ಕಕ್ಕೆ ಸರಿಸಿದಳು, ಸಭೆ ಅವಳ ಕೈಗೆ ಹೋಯಿತು.

‘ಬರುತ್ತೆ. ಸೊಂಡಿಲು ಮೇಲೆ ಇಟ್ಕೋತಾನೆ, ಉಸಿರಾಡೋಕೆ.’

‘ಇಲಿಗೆ?’

‘ಇಲಿಗೆ ಬರಲ್ಲ.’

ಇದು ಗಂಭೀರ ವಿಷಯ. ಇಲಿಯ ಒಂದು ಕಿವಿ ಆಗಲೇ ಕರಗಿತ್ತು.

‘ಇಲಿ ಗಣಪತಿ ಮೇಲೆ ಕೂತ್ಕೊಳ್ಳಲಿ’ ಅಂದ ಚಿನ್ನು. ‘ದಿನಾ ಅವನೇ ಕೂತ್ಕೋತಾನಲ್ವಾ.’

‘ಹೂಂ. ನೀರಲ್ಲಿ ಇಲಿ ಮೇಲೆ, ರೋಡಲ್ಲಿ ಗಣಪತಿ ಮೇಲೆ.’

‘ಗೌರಮ್ಮ?’

‘ಅವರು ಬಸ್ಸಲ್ಲಿ. ಲೇಡೀಸಿಗೆ ಫ್ರೀ ಅಲ್ವಾ. ಅದಕ್ಕೇ ಒಂದಿನ ಮುಂಚೆ ಬರೋದು.’

‘ಆಧಾರ್ ಕಾರ್ಡ್ ಇದೆಯಾ?’

‘ಕಂಡಕ್ಟರ್ ಕೇಳಲ್ಲ. ಕಿರೀಟ ನೋಡಿ ಬಿಟ್ಬಿಡ್ತಾರೆ.’

ಚಿನ್ನುವಿಗೆ ಇದು ಅಷ್ಟು ಸರಿ ಬರಲಿಲ್ಲ. ‘ಕಿರೀಟ ಕೈಯಲ್ಲಿ ಹಿಡ್ಕೊಂಡು ಹತ್ತಬೇಕು’ ಅಂದ. ‘ಬಾಗಿಲಿಗೆ ತಾಗುತ್ತೆ.’